ತಮ್ಮ ದ್ವೀಪದ ಸ್ವಾತಂತ್ರ್ಯ ಮತ್ತು ನನ್ನ ಹೊಲಿಗೆ ಅಂಗಡಿ

ಗೆ,
ಮತಸಂಗ್ರಹದ ಮುಖ್ಯ ಆಯುಕ್ತರು,
ಶಾಂತಸಾಗರದ ನಡುವಿನ ಒಂದು ಪುಟ್ಟ ದ್ವೀಪ.

ಮಾನ್ಯರೇ,

ಕೃಷ್ಣಾ ನದಿಯ ದಂಡೆಯ ಉಗಾರ ಖುರ್ದದಲ್ಲಿ ಮೂವತ್ತೆರಡು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸಿಕೊಂಡು ಬಂದಿರುವ ಟೇಲರ್ ಜಮಾಲಸಾಬನು ತಮಗೂ, ತಮ್ಮ ದೇಶದ ಸಮಸ್ತ ಮತದಾರರಿಗೂ, ಸುತ್ತಲಿನ ಸಮುದ್ರಕ್ಕೂ ಸಲಾಮು ಹೇಳಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕ್ಷೇಮವಾಗಿದ್ದೇನೆ, ನನ್ನ ಅಂಗಡಿ ಕ್ಷೇಮವಾಗಿಲ್ಲ, ಮತ್ತು ಅದಕ್ಕೆ ಕಾರಣರು ತಾವು. ದೇಶದ ಹೆಸರು ಬರೆಯದಿದ್ದುದಕ್ಕೆ ಕ್ಷಮಿಸಬೇಕು. ನಮ್ಮ ಪತ್ರಿಕೆಯವರು ಅದನ್ನು ಮೂರು ದಿನ ಮೂರು ಬಗೆಯಾಗಿ ಅಚ್ಚು ಹಾಕಿದ್ದರಿಂದ, ನನ್ನ ದೂರು ಪಕ್ಕದ ದ್ವೀಪದವರ ಕೈಗೆ ಸಿಕ್ಕು ಅವರಿಗೂ ಸ್ವತಂತ್ರರಾಗುವ ಆಸೆ ಹುಟ್ಟುವುದು ಬೇಡವೆಂದು ಬಿಟ್ಟಿದ್ದೇನೆ.

ದೊಡ್ಡ ದೇಶವೊಂದರ ಆಡಳಿತದಲ್ಲಿರುವ ತಮ್ಮ ದ್ವೀಪವು ಸ್ವತಂತ್ರವಾಗಬೇಕೋ ಬೇಡವೋ ಎಂದು ಜನರ ಮತ ಕೇಳಲಾಗುವುದೆಂಬ ನಾಲ್ಕು ಸಾಲಿನ ಸುದ್ದಿಯನ್ನು ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಜೋರಾಗಿ ಓದಿದವನು ಬಾಳೇಶ. ಈತ ಸಕ್ಕರೆ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ದಿನವೂ ಬರುವ, ಶಾಂತನಾಗಿದ್ದರೆ ಕನ್ನಡದಲ್ಲೂ ಸಿಟ್ಟು ಬಂದರೆ ಮರಾಠಿಯಲ್ಲೂ ಮಾತನಾಡುವ ಸಜ್ಜನ. ಸಾಹೇಬರೇ, ಯಾವ ಊರು ಯಾವ ಕಡೆಗಿರಬೇಕು ಎಂಬ ಚರ್ಚೆಯನ್ನು ನಮ್ಮ ಗಡಿಭಾಗದವರು ತೊಟ್ಟಿಲಲ್ಲಿದ್ದಾಗಲೇ ಕೇಳಿರುತ್ತೇವೆ. ನಾವು ಯಾವ ರಾಜ್ಯದಲ್ಲಿರಬೇಕು, ಚಿಕ್ಕೋಡಿ ಜಿಲ್ಲೆಯಾದರೆ ಅಥಣಿಯವರು ಸುಮ್ಮನಿರುತ್ತಾರೆಯೇ ಎಂದೆಲ್ಲ ಮಾತಾಡಿ ಮಾತಾಡಿ ಸಾಕಾಗಿದ್ದ ನಮ್ಮ ಬೆಂಚಿಗೆ ತಾವು ಒಂದು ಇಡೀ ದ್ವೀಪವನ್ನೇ ದಯಪಾಲಿಸಿದಿರಿ. ಆ ಉಪಕಾರವನ್ನು ಮರೆಯಲಾರೆ, ಮರೆಯಲು ಮನೆಯವರು ಬಿಡುವುದೂ ಇಲ್ಲ.

ಸ್ವಾತಂತ್ರ್ಯ ಬೇಡವೆಂದು ವಾದಿಸಿದವನು ಐಗಳಿಯಿಂದ ಟ್ರ್ಯಾಕ್ಟರಿನಲ್ಲಿ ಕಬ್ಬು ತರುವ ಲಗಮಪ್ಪ. "ಕೊಂಡಿ ಬಿಚ್ಚಿದ್ರ ಟ್ರೇಲರ್ ನಿಂತಲ್ಲೇ ನಿಂದರತೈತ್ರಿ, ಎಂಜಿನ್ ಮುಂದ ಇರತೈತಿ," ಎಂದು ಅವನು ಹೇಳಿದಾಗ ಬೆಂಚಿನ ಅರ್ಧ ಜನ ತಲೆದೂಗಿದರು. ನಾನು ಮಷೀನು ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು ಎದ್ದು ನಿಂತೆ. "ಒಮ್ಮೆ ಕೊಂಡಿ ಬಿಚ್ಚರಿ, ಎಂಜಿನ್ ಯಾವ ಕಡೆ ಐತಿ ಅಂತ ಆವಾಗ ತಿಳಿತೈತಿ! ಸಣ್ಣದಿರಲಿ, ದೊಡ್ಡದಿರಲಿ, ದುಡಿಯೋರ ಹೆಸರು ಬೋರ್ಡಿನ ಮ್ಯಾಲೆ ಬರಬೇಕು," ಎಂದೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿದ ಮನುಷ್ಯನಿಗೆ ಬುದ್ಧಿ ಎಲ್ಲಿಂದ ಉಳಿಯಬೇಕು? ತಮ್ಮವರಿಗೆ ನಾವೇ ದಾರಿ ತೋರಿಸೋಣವೆಂದು ಗುಂಡಿಗಳ ಡಬ್ಬಿ ತೆರೆದು, ಸ್ವಾತಂತ್ರ್ಯ ಬೇಕೆಂದವರಿಗೆ ಬಿಳಿ ಗುಂಡಿ, ಬೇಡವೆಂದವರಿಗೆ ಕರಿ ಗುಂಡಿ ಎಂದು ಸಾರಿ, ಖಾಲಿ ಬಿಸ್ಕಿಟ್ ಡಬ್ಬಿಯಲ್ಲಿ ಮತ ಹಾಕಿಸಿದೆ. ಹನ್ನೊಂದಕ್ಕೆ ಆರು. ತಮ್ಮ ದ್ವೀಪವು ಅಂದು ಸಂಜೆ ಐದೂವರೆಗೆ ಉಗಾರದಲ್ಲಿ ಸ್ವತಂತ್ರವಾಯಿತೆಂಬುದನ್ನು ಈ ಮೂಲಕ ತಮಗೆ ಅಧಿಕೃತವಾಗಿ ತಿಳಿಸುತ್ತಿದ್ದೇನೆ.

ಆದರೆ ನನ್ನ ಅಂಗಡಿಯಲ್ಲಿ ಒಂದು ಪರದೆ ಇದೆ. ಪರದೆಯ ಈಚೆ ನಾನು ಪ್ಯಾಂಟು ಶರ್ಟು ಹೊಲಿಯುತ್ತೇನೆ. ಆಚೆ ನನ್ನ ಮಗ ಅಸ್ಫಾಕನ ಹೆಂಡತಿ ವಾಜಿದಾ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಹೊರಗಿನ ಬೋರ್ಡಿನಲ್ಲಿ ಮಾತ್ರ ದೊಡ್ಡ ಅಕ್ಷರಗಳಲ್ಲಿ 'ಜಮಾಲಸಾಬ ಟೇಲರ್ಸ್' ಎಂದು ಇದೆ. ಮರುದಿನ ಚಹಾದ ಕಪ್ಪನ್ನು ನನ್ನ ಮುಂದಿಟ್ಟು ಆಕೆ ಬಹಳ ಮರ್ಯಾದೆಯಿಂದ ಹೇಳಿದಳು: "ಅಬ್ಬಾ, ನಿನ್ನಿ ನೀವು ಹೇಳಿದ್ದು ಬರೋಬ್ಬರಿ ಐತ್ರಿ. ಬಸ್ ಸ್ಟ್ಯಾಂಡ್ ಹಾದ್ಯಾಗ ಒಂದು ಖೋಲಿ ಖಾಲಿ ಐತಿ. ನಾನೂ ನನ್ನ ಹೆಸರಿಂದ ಒಂದ್ ಅಂಗಡಿ ಹಾಕತೇನ್ರಿ."

ದ್ವೀಪದ ಮಾತೇ ಬೇರೆ, ಮನೆಯ ಮಾತೇ ಬೇರೆ ಎಂದು ನಾನು ತಿಳಿಸಿ ಹೇಳಿದೆ. ಸಣ್ಣ ಅಂಗಡಿ ತನ್ನ ಕಾಲ ಮೇಲೆ ನಿಲ್ಲುವುದು ಕಷ್ಟವೆಂದೆ, ಒಗ್ಗಟ್ಟಿನಲ್ಲಿ ಬಲವಿದೆಯೆಂದೆ, ಕೊಂಡಿ, ಟ್ರೇಲರ್, ಎಂಜಿನ್ ಎಂದೂ ಅಂದೆ. ಅರ್ಧ ಮಾತಾಡಿದ ಮೇಲೆ ನಾನು ಲಗಮಪ್ಪನ ಪಕ್ಷ ಸೇರಿಬಿಟ್ಟಿದ್ದೇನೆಂದು ನನಗೇ ಗೊತ್ತಾಯಿತು. ವಾಜಿದಾ ವಾದಿಸಲಿಲ್ಲ. ಮತಕ್ಕೆ ಹಾಕೋಣ ಎಂದಳು. ಮನೆಯಲ್ಲಿ ನಾಲ್ಕೇ ಮತ, ಹೆಂಡತಿ ಮದಿನಾಬಿ ನನ್ನವಳು, ಮಗ ನನ್ನವನು ಎಂದು ನಾನು ಧೈರ್ಯವಾಗಿ ಒಪ್ಪಿದೆ. ಮದಿನಾಬಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಾಗ ಬಿಳಿ ಗುಂಡಿ ಮೂರು, ಕರಿ ಗುಂಡಿ ಒಂದು ಬಿದ್ದವು. ಕರಿಯದು ಯಾರದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಮಾತು ಬೈದಾದರೂ ಹಗುರಾಗುತ್ತಿದ್ದೆ.

ಇಲ್ಲಿಯವರೆಗೆ ನಗುತ್ತ ಓದಿದ್ದೀರಿ ಎಂದು ಭಾವಿಸಿ, ಬೆಂಚಿನವರಿಗೆ ಹೇಳದ ಒಂದು ಮಾತನ್ನು ತಮಗೆ ಹೇಳುತ್ತೇನೆ. ತಾವು ದೂರದವರು, ಉಗಾರಕ್ಕೆ ಬಂದು ಬಾಯಿ ಬಿಡುವ ಸಂಭವ ಕಡಿಮೆ. ಎರಡು ವರ್ಷಗಳಿಂದ ನನ್ನ ಕಣ್ಣು ಮಂಜಾಗಿದೆ. ಕರಿ ದಾರ ಯಾವುದು, ನೀಲಿ ದಾರ ಯಾವುದು ಎಂದು ಸಂಜೆಯಾದರೆ ತಿಳಿಯುವುದಿಲ್ಲ. ಬಾಳೇಶನ ಮಗನ ಮದುವೆಯ ಪ್ಯಾಂಟಿನ ಬಟ್ಟೆ ಬಂದಾಗ, ಸಾಹೇಬರೇ, ಎರಡೂ ಕಾಲನ್ನು ಬಲಗಾಲಿಗೇ ಕತ್ತರಿಸಿಬಿಟ್ಟಿದ್ದೆ. ವಾಜಿದಾ ಯಾರಿಗೂ ಗೊತ್ತಾಗದಂತೆ ಅದೇ ಬಟ್ಟೆಯನ್ನು ಮತ್ತೆ ತರಿಸಿ, ಕತ್ತರಿಸಿ, ಹೊಲಿದು, ನನ್ನ ಮೇಜಿನ ಮೇಲೆ ಇಟ್ಟಳು. ಬಾಳೇಶ ಬಂದು ನನ್ನ ಕೈಯನ್ನು ಹೊಗಳಿದ; ನಾನೂ ಹೊಗಳಿಸಿಕೊಂಡೆ. ಅಂದಿನಿಂದ ನನ್ನ ಕತ್ತರಿ ಮುಟ್ಟಿದ್ದೆಲ್ಲ ಒಮ್ಮೆ ಪರದೆಯ ಆಚೆ ಹೋಗಿ ಬರುತ್ತದೆ. ಆಕೆ ಹೋದ ಮೇಲೆ ನನ್ನ ಅಂಗಡಿಯಲ್ಲಿ ಉಳಿಯುವುದು ಬೋರ್ಡು ಮತ್ತು ಬೆಂಚು. ನನಗೆ ಸಿಟ್ಟು ಬಂದಿಲ್ಲ, ಹೆದರಿಕೆಯಾಗಿದೆ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳು ಬಹಳ ಸಣ್ಣವು. ತಮ್ಮ ಮತದಾನವನ್ನು ನನ್ನ ಕಣ್ಣಿನ ಆಪರೇಷನ್ ಆಗುವವರೆಗೆ ಮುಂದೂಡಬೇಕು. ಅದು ಆಗದಿದ್ದರೆ, ಸ್ವಾತಂತ್ರ್ಯವು ನಾಲ್ಕೂ ಕಡೆ ನೀರಿರುವ ಪ್ರದೇಶಗಳಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಒಂದು ಕಡೆ ಪರದೆ, ಮೂರು ಕಡೆ ಗೋಡೆ ಇರುವ ಪ್ರದೇಶಗಳಿಗಲ್ಲವೆಂದು ತಮ್ಮ ಸರ್ಕಾರದ ಮೊಹರು ಒತ್ತಿದ ಪತ್ರವೊಂದನ್ನು ವಾಜಿದಾಳ ಹೆಸರಿಗೆ ಕಳಿಸಬೇಕು. ಅದೂ ಕಷ್ಟವೆಂದರೆ ವೀಕ್ಷಕರ ತಂಡವನ್ನಾದರೂ ಕಳಿಸಿರಿ, ಅವರಲ್ಲಿ ಒಬ್ಬರಿಗೆ ಗುಂಡಿಯ ಕಾಜಾ ಹೊಲಿಯಲು ಬರುವಂತಿರಲಿ. ತಮ್ಮನ್ನು ಆಳುತ್ತಿರುವ ದೇಶದ ದೊಡ್ಡ ಮನುಷ್ಯರನ್ನು ಕಂಡಾಗ, ನೀವು ನಿಜವಾಗಿ ದ್ವೀಪವನ್ನು ಸಾಕುತ್ತಿದ್ದಿರೋ, ದ್ವೀಪವೇ ನಿಮ್ಮನ್ನು ಸಾಕುತ್ತಿತ್ತೋ ಎಂದು ಮೆಲ್ಲಗೆ ಕೇಳಿ, ಅವರ ಉತ್ತರವನ್ನು ನನಗೂ ಬರೆಯಿರಿ. ನಾನು ಒಬ್ಬನೇ ಈ ಪ್ರಶ್ನೆ ಕೇಳಿಕೊಂಡು ಕುಳಿತಿರುವುದು ಬೇಜಾರು.

ವಾಜಿದಾ ಬರುವ ಶುಕ್ರವಾರ ಜುಮ್ಮಾ ನಮಾಜಿನ ನಂತರ ಅಂಗಡಿ ತೆರೆಯುತ್ತಾಳೆ. ನನ್ನನ್ನೇ ರಿಬ್ಬನ್ ಕತ್ತರಿಸಲು ಕರೆದಿದ್ದಾಳೆ. ರಿಬ್ಬನ್ ಆದ್ದರಿಂದ ಎಡ ಬಲ ತಪ್ಪುವ ಭಯವಿಲ್ಲ. ಅಷ್ಟರೊಳಗೆ ತಮ್ಮ ಉತ್ತರ ಬಂದರೆ ಉಪಕಾರ.

ದುಡಿಯುವವರ ಪರವಾಗಿ ಭಾಷಣ ಮಾಡಿ, ಕರಿ ಗುಂಡಿ ಹಾಕಿದ,
ತಮ್ಮ ವಿಶ್ವಾಸಿ
ಜಮಾಲಸಾಬ, ಟೇಲರ್
ಉಗಾರ ಖುರ್ದ, ತಾಲ್ಲೂಕು ಕಾಗವಾಡ

ತಾ.ಕ.: ವಿಳಾಸ ಹುಡುಕುವುದರಲ್ಲಿ ಪತ್ರ ಎರಡು ವಾರ ನನ್ನ ಬಳಿಯೇ ಉಳಿಯಿತು. ತಮ್ಮ ಮತದಾನವನ್ನು ಇನ್ನೂ ಆಳವಾದ ಚರ್ಚೆಗಾಗಿ ಮುಂದಿನ ವರ್ಷಕ್ಕೆ ಹಾಕಲಾಗಿದೆಯೆಂದು ಇಂದಿನ ಪತ್ರಿಕೆಯಲ್ಲಿ ಓದಿದೆ, ಅಭಿನಂದನೆಗಳು. ಇಲ್ಲಿ ಚರ್ಚೆ ಮುಗಿದು, ಅಂಗಡಿ ತೆರೆದು, ವಾಜಿದಾ ಮೊದಲ ಬ್ಲೌಸ್ ಹೊಲಿದು ಕೊಟ್ಟೂ ಆಯಿತು. ಕೊಟ್ಟದ್ದು ನನ್ನ ಹೆಂಡತಿ ಮದಿನಾಬಿಗೆ. ಹೆಂಡತಿಯ ಬ್ಲೌಸ್ ಮಾತ್ರ ಪರದೆಯ ಆಚೆ ಹೋಗಬಾರದೆಂಬ ನನ್ನ ಹಠಕ್ಕೆ, ಮದುವೆಯಾದಾಗಿನಿಂದ ನಾನು ಹೊಲಿದದ್ದನ್ನೇ ತೊಟ್ಟ ಹೆಂಗಸು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡು, ಈಗ ತೋಳು ಸರಿಯಾಗಿ ಕುಳಿತಿದೆ ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಬ್ಯಾರೆ ಅಂಗಡಿ ಎಲ್ಲಿತ್ತರಿ?" ಎಂದಳು.