ಮಾವನ ಚೀನೀ ಸಿನಿಮಾದಲ್ಲಿ ಯಾರೂ ಸಾಯುವುದಿಲ್ಲ

ಚೀನೀ ಭಾಷೆಯ ಸಿನಿಮಾಕ್ಕೆ ಹನುಮಂತನಗರದ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ನಮ್ಮ ಸೋದರಮಾವನನ್ನು ತೋರಿಸಬಹುದು. ವಿಮರ್ಶಕರು, ಮೇಲಾಗಿ ನಿರ್ಮಾಪಕರು! ಈ ಸಂಗತಿ ಚೀನಾದವರಿಗೆ ಇನ್ನೂ ಗೊತ್ತಾಗಿಲ್ಲ, ಅದು ಅವರ ದುರದೃಷ್ಟ. ಮಾವ ಜೀವಮಾನದಲ್ಲಿ ಚೀನಾ ಇರಲಿ, ಚೆನ್ನೈ ದಾಟಿ ಹೋದವರಲ್ಲ. ಆ ಭಾಷೆಯ ಒಂದಕ್ಷರವೂ ಬಾರದು. ಹಾಗಂತ ವಿಮರ್ಶೆ ಬರೆಯಬಾರದೆಂದು ಯಾವ ಕಾನೂನಿದೆ?

ಒಂದು ವಾರಪತ್ರಿಕೆಗೆ ಬರೆಯುತ್ತಿದ್ದರು. ಒಮ್ಮೆ ಎರಡು ಪುಟದ ತುಂಬ, ಸಿನಿಮಾದ ಮುದುಕಿ ಅಕ್ಕಿ ತೊಳೆಯುವ ರೀತಿಯನ್ನೇ ವರ್ಣಿಸಿದ್ದರು. ಸಂಪಾದಕರು ಫೋನ್ ಮಾಡಿ, "ಸಾರ್, ಕಥೆ ಏನು ಅಂತ ಬರೆದೇ ಇಲ್ವಲ್ಲ?" ಎಂದರು.

"ಕೊನೇಲಿ ಅನ್ನ ಆಯ್ತಲ್ರೀ, ಇನ್ನೇನು ಕಥೆ ಬೇಕು?"

ಭಾನುವಾರ ಮಧ್ಯಾಹ್ನ ತಿಲಕ್ ನಗರದ ಒಂದು ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಮಾವ ನಡೆಸುವ ಚೀನೀ ಸಿನಿಮಾ ಪ್ರದರ್ಶನ. ಪ್ರೇಕ್ಷಕರು ಹನ್ನೊಂದು ಜನ. ಲ್ಯಾಪ್‌ಟಾಪ್ ನಡೆಸುವ ಶಿಕ್ಷೆ ನನ್ನದು. ಮುಂದಿನ ಕುರ್ಚಿಯಲ್ಲಿ ಅತ್ತೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಪೂರ್ತಿ ಹೋಗಿತ್ತು. ಕಿವಿ ಮಾತ್ರ ಬಲು ಚುರುಕು, ಗೇಟಿನ ಚಿಲಕದ ಸದ್ದಿನಲ್ಲೇ ಬಂದವರು ಯಾರೆಂದು ಹೇಳಿಬಿಡುತ್ತಿದ್ದರು. ಅವರಿಗಾಗಿ ಮಾವ ಮೈಕ್ ಹಿಡಿದು, ಪರದೆಯ ಕೆಳಗಿನ ಇಂಗ್ಲಿಷ್ ಸಾಲುಗಳನ್ನು ನೋಡುತ್ತ ಇಡೀ ಸಿನಿಮಾವನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಒಂದೇ ತೊಂದರೆ. ಮಾವನ ಕನ್ನಡದಲ್ಲಿ ಯಾರೂ ಸಾಯುತ್ತಿರಲಿಲ್ಲ!

ಪರದೆಯ ಮೇಲೆ ತಾಯಿಯ ಶವ. ಮೈಕಿನಲ್ಲಿ ಮಾವ: "ಅಮ್ಮನಿಗೆ ಸುಸ್ತಾಗಿದೆ, ಮಲಗಿದ್ದಾಳೆ."

ಹಿಂದಿನಿಂದ ಒಬ್ಬರು ಕೂಗಿದರು: "ಸಾರ್, ಪೆಟ್ಟಿಗೆ ಒಳಗೆ ಯಾಕೆ ಮಲಗಿದ್ದಾಳೆ?"

"ಅವರ ಕಡೆ ಚಳಿ ಜಾಸ್ತಿ ಕಣ್ರೀ!"

ಆಮೇಲೆ ನಾನು ಜಗಳಕ್ಕೇ ನಿಂತೆ. ಮಾವ ತಗ್ಗಿದ ದನಿಯಲ್ಲಿ, "ಅವಳು ಕತ್ತಲಲ್ಲೇ ಕೂತಿದ್ದಾಳೆ ಕಣೋ. ಸಾವನ್ನೂ ತಂದು ಪಕ್ಕದಲ್ಲಿ ಕೂರಿಸ್ಲಾ?" ಎಂದರು.

ಇನ್ನು ನಿರ್ಮಾಣದ ಸಾಹಸ. ಜಯನಗರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ, ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮನೆತನದ ಹೆಂಗಸೊಬ್ಬರೇ ನಾಯಕಿ. ಹೊಸಕೆರೆಹಳ್ಳಿ ಕೆರೆಯ ದಂಡೆಯಲ್ಲಿ ಕೂತು, ತಮ್ಮ ಮನೆಮಾತಾದ ಹಕ್ಕಾ ಚೀನೀಯಲ್ಲಿ ಗಂಡನನ್ನು ಕರೆಯಬೇಕು. ಕೊನೆಗೆ ಗಂಡ ಬರಬೇಕು. ಗಂಡನ ಪಾತ್ರಕ್ಕೆ ಒಪ್ಪಿದ್ದ ಬಿಟಿಎಂ ಲೇಔಟಿನ ಅಡುಗೆಯವನು ಶೂಟಿಂಗ್ ದಿನ ಕೈಕೊಟ್ಟ. ಹಾಗಾಗಿ ಸಿನಿಮಾದಲ್ಲಿ ಗಂಡ ಬರಲೇ ಇಲ್ಲ. ಒಂಬತ್ತು ನಿಮಿಷಕ್ಕೆ ಮುಗಿಯಿತು. ಅದಕ್ಕೆ ವಿಮರ್ಶೆ ಬರೆದವರೂ ಮಾವನೇ: "ನಿರ್ಮಾಪಕರು ಇನ್ನು ಮುಂದೆ ಇಂಥ ಕೆಲಸಕ್ಕೆ ಕೈಹಾಕದಿರುವುದು ಒಳ್ಳೆಯದು." ಆ ಮಾತನ್ನು ನಿರ್ಮಾಪಕರು ಚಾಚೂ ತಪ್ಪದೆ ಪಾಲಿಸಿದರು!

ಆದರೆ ಅತ್ತೆಗೆ ಆ ಸಿನಿಮಾ ಪ್ರಾಣ. ಮತ್ತೆ ಮತ್ತೆ ಹಾಕಿಸುತ್ತಿದ್ದರು. ಪ್ರತಿಸಲವೂ ಕೊನೆಗೆ ಮಾವ, "ಗಂಡ ಬಂದ. ಬಂದು ಪಕ್ಕದಲ್ಲಿ ಕೂತ" ಎನ್ನುತ್ತಿದ್ದರು.

"ಎಲ್ಲಿ ಬಂದ ಮಾವ?"

"ಕ್ಯಾಮೆರಾ ಆಫ್ ಆದ್ಮೇಲೆ ಬಂದ. ನಾನು ಪ್ರೊಡ್ಯೂಸರು, ನನಗೆ ಗೊತ್ತಿಲ್ವಾ?"

ಕಳೆದ ವರ್ಷ ಮಾವನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಷ್ಟು ಮಾತಾಡುವ ಮನುಷ್ಯ ಸ್ಲೇಟು ಹಿಡಿದು ಕೂತದ್ದನ್ನು ನೋಡಲಾಗಲಿಲ್ಲ. ಸ್ಲೇಟಿನಲ್ಲಿ ಬರೆದದ್ದನ್ನು ಅತ್ತೆ ಓದುವುದಾದರೂ ಹೇಗೆ? ಈ ತಿಂಗಳು ಡಾಕ್ಟರು, ಶ್ವಾಸಕೋಶಕ್ಕೂ ಹರಡಿದೆ, ಇನ್ನು ಮಾಡುವುದೇನೂ ಇಲ್ಲ ಎಂದರು. ಮಾವ ಸ್ಲೇಟಿನ ಮೇಲೆ ನನಗೆ ಬರೆದದ್ದು ಒಂದೇ ಸಾಲು: "ಅವಳಿಗೆ ಹೇಳಬೇಡ."

ಹೋದ ಭಾನುವಾರ ಆ ಒಂಬತ್ತು ನಿಮಿಷದ ಸಿನಿಮಾ ಹಾಕೆಂದು ಅತ್ತೆ ಹಟ ಹಿಡಿದರು. ಮಾವ ಅವರ ಪಕ್ಕದಲ್ಲಿ ಕೂತರು. ಹೇಳುವವರಿಲ್ಲ. ಸಿನಿಮಾ ಶುರುವಾದಾಗ ಅತ್ತೆ ಕೈ ಚಾಚಿ, "ಮೈಕ್ ಕೊಡಪ್ಪ" ಎಂದರು. ಹಕ್ಕಾ ಮಾತಿನ ಏರಿಳಿತ ಹಿಡಿದು, ಮಾವ ಹೇಳುತ್ತಿದ್ದ ಒಂದೊಂದು ಮಾತನ್ನೂ ಬಿಡದೆ ಹೇಳಿದರು. ಕೊನೆಗೆ ಪರದೆಯ ಮೇಲೆ ನಾಯಕಿಯ ಪಕ್ಕ ಖಾಲಿ ದಂಡೆ. ಅತ್ತೆ ತಡೆಯದೆ ಹೇಳಿದರು: "ಗಂಡ ಬಂದ. ಬಂದು ಪಕ್ಕದಲ್ಲಿ ಕೂತ."

ಮಾವ ಕಣ್ಣೊರೆಸಿಕೊಂಡು ಮುಖ ತೊಳೆಯಲು ಎದ್ದು ಹೋದರು. ಅತ್ತೆ ನನ್ನನ್ನು ಹತ್ತಿರ ಕರೆದರು.

"ಸಿನಿಮಾದಲ್ಲಿ ಆ ಗಂಡ ಬರಲ್ಲ ಅಂತ ನನಗೆ ಮೊದಲ ಸಲವೇ ಗೊತ್ತಾಗಿತ್ತು ಕಣೋ. ಹೆಜ್ಜೆ ಸದ್ದೇ ಇರಲಿಲ್ಲ. ಈಗ ಇವರ ಉಸಿರಿನ ಸದ್ದೂ ಕೇಳಿಸ್ತಿದೆ. ನೀವ್ಯಾರೂ ಹೇಳ್ಬೇಕಾಗಿಲ್ಲ."

"ಮತ್ತೆ ಬಂದ ಅಂತ ಯಾಕೆ ಹೇಳಿದ್ರಿ ಅತ್ತೆ?"

"ಇವರು ಪಕ್ಕದಲ್ಲೇ ಕೂತಿದ್ರಲ್ಲೋ."