ಹತ್ತು ರೂಪಾಯಿಯ ನಾಣ್ಯ ಮತ್ತು ನೂರಹನ್ನೆರಡರ ಕೊಳವೆ

ಮನೆಗೆ ಬೀಗ ಹಾಕಿ ಸುಮ್ಮನೆ ಹೊರಟುಹೋಗುವ ಪುಣ್ಯವಂತರು ಲೋಕದಲ್ಲಿ ಇದ್ದಾರೆ. ಬೀಗ ಹಾಕಿ, ಜಗ್ಗಿ ನೋಡಿ, ಅರ್ಧ ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವವರೂ ಇದ್ದಾರೆ. ನಾನು ಈ ಎರಡನೆಯ ಪಂಗಡದವನು. ವಸ್ತ್ರಾಪುರದ ನಮ್ಮ ಫ್ಲ್ಯಾಟಿನ ಬೀಗ ನನ್ನ ಕೈಯ ಜಗ್ಗಾಟಕ್ಕೇ ಸವೆದು ಹೋಗಿ ಕಳೆದ ವರ್ಷ ಹೊಸದನ್ನು ಹಾಕಿಸಬೇಕಾಯಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ನನ್ನ ಗೋಳಾಟ ತಾಳಲಾರದೆ ನನ್ನ ಹೆಂಡತಿ ಸುಧಾ ಹೊರಡುವ ಮುಂಚೆ ಒಲೆಯ ಫೋಟೋ ತೆಗೆದು ಇಟ್ಟುಕೊಳ್ಳಲು ಹೇಳಿಕೊಟ್ಟಳು. ಒಳ್ಳೆಯ ಉಪಾಯವೇ. ಆದರೆ ದಾರಿಯಲ್ಲಿ ಆ ಫೋಟೋ ನೋಡುವಾಗ ಇದು ಇವತ್ತಿನದೋ ನಿನ್ನೆಯದೋ ಎಂಬ ಅನುಮಾನ ಹುಟ್ಟುತ್ತದೆ. ಮಗಳು ಅನ್ವಿ ಇಲ್ಲೇ ಗುಜರಾತಿನಲ್ಲೇ ಹುಟ್ಟಿ ಬೆಳೆದವಳು. ಅವಳು ಲಿಫ್ಟಿನ ಬಾಗಿಲು ಹಿಡಿದು ನಿಂತು, "ಪಪ್ಪಾ, ಲಾಕ್ ಬರಾಬರ್ ಛೇ, ಚಾಲೋ ನೇ" ಎನ್ನುತ್ತಾಳೆ. ಕನ್ನಡದಲ್ಲಿ ಹೇಳು ಎಂದರೆ, "ಬೀಗ ಆರಾಮಾಗಿದೆ" ಎನ್ನುತ್ತಾಳೆ. ಬೀಗ ಆರಾಮಾಗಿದ್ದರೂ ನಾನು ಆರಾಮಾಗಿರುವುದಿಲ್ಲ.

ಇಂಥವನಿಗೆ ದೇವರು ಕೊಟ್ಟ ಉದ್ಯೋಗವಾದರೂ ಎಂಥದು ನೋಡಿ. ನರೋಡಾದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾವು ವೇವ್‌ಗೈಡ್‌ಗಳನ್ನು ಮಾಡುತ್ತೇವೆ. ಹೆಸರು ಕೇಳಿ ಹೆದರಬೇಡಿ. ಅದು ಒಳಗೆ ಟೊಳ್ಳಾಗಿರುವ, ಚೌಕವಲ್ಲದ ಆಯತಾಕಾರದ ಲೋಹದ ಕೊಳವೆ, ಅಷ್ಟೇ. ಟವರಿನ ಮೇಲಿನ ಡಿಶ್‌ಗೂ ಕೆಳಗಿನ ರೇಡಿಯೋ ಪೆಟ್ಟಿಗೆಗೂ ನಡುವೆ ಮೈಕ್ರೋವೇವ್ ಅಲೆಗಳು ಈ ಕೊಳವೆಯೊಳಗೆ ಓಡಾಡುತ್ತವೆ. ತಂತಿಯಿಲ್ಲ, ಒಳಗೆ ಬರೀ ಗಾಳಿ. ಈ ಖಾಲಿ ಕೊಳವೆಗೆ ಇಷ್ಟು ಬೆಲೆಯೇ ಎಂದು ನಮ್ಮ ಮಾವನವರು ಒಮ್ಮೆ ಕೇಳಿದ್ದರು. ಬೆಲೆಯಿರುವುದು ಅಳತೆಗೆ. ಪ್ರತಿಯೊಂದು ಅಲೆಗೂ ತನ್ನದೇ ಉದ್ದವಿದೆ, ಕೊಳವೆಯ ಅಗಲ ಅದರ ಅರ್ಧಕ್ಕಿಂತ ಕಡಿಮೆಯಾದರೆ ಅಲೆ ಒಳಗೆ ಸಾಗುವುದೇ ಇಲ್ಲ. ಹೊಸ ಮನೆಯ ಬಾಗಿಲಲ್ಲಿ ಹಳೆಯ ಮಂಚ ಸಿಕ್ಕಿಕೊಂಡಂತೆ ಬಾಯಲ್ಲೇ ನಿಂತುಬಿಡುತ್ತದೆ.

ಹಾಗಾಗಿ ಒಂದೊಂದು ಕಂಪನದ ವ್ಯಾಪ್ತಿಗೆ ಒಂದೊಂದು ಗಾತ್ರ, ಒಂದೊಂದು ಗಾತ್ರಕ್ಕೆ ಒಂದೊಂದು ನಂಬರು. ಒಳಗಿನ ಅಗಲ ಅಂಗುಲದ ನೂರನೆಯ ಭಾಗದಲ್ಲಿ ಎಷ್ಟೋ ಅದೇ ನಂಬರು. ನೂರಹನ್ನೆರಡು ಎಂದರೆ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಅದು ಏಳರಿಂದ ಹತ್ತು ಗಿಗಾಹರ್ಟ್ಸ್‌ವರೆಗೆ ನಡೆಯುತ್ತದೆ. ತೊಂಬತ್ತು ಎಂದರೆ ಅಂಗುಲಕ್ಕಿಂತ ಸ್ವಲ್ಪ ಕಡಿಮೆ, ಅದು ಎಂಟು ಚಿಲ್ಲರೆಯಿಂದ ಹನ್ನೆರಡು ಚಿಲ್ಲರೆಯವರೆಗೆ. ನಂಬರು ದೊಡ್ಡದಾದಷ್ಟೂ ಕೊಳವೆ ದೊಡ್ಡದು, ಕಂಪನ ಸಣ್ಣದು. ಇದಕ್ಕೆ ಪೂರ್ತಿ ತಿರುವುಮುರುವಾಗಿ ನಡೆಯುವ ಇನ್ನೊಂದು ನಂಬರಿನ ಪದ್ಧತಿಯೂ ಇದೆ. ಅದನ್ನು ಇಲ್ಲಿ ಎಳೆದು ತಂದರೆ ನೀವು ಪುಟ ಮಗುಚಿಬಿಡುತ್ತೀರಿ, ಬೇಡ.

ಸೂರತ್ತಿನ ಉಧ್ನಾದಲ್ಲಿ ನಮ್ಮ ಗಿರಾಕಿಯೊಬ್ಬರಿದ್ದಾರೆ, ದೇಸಾಯಿಭಾಯ್. ಅವರ ಕಂಪನಿಯ ಕಟ್ಟಡದ ಮೇಲೆ ಒಂದು ಟವರು, ಅಲ್ಲಿಂದ ದೂರದ ಗೋದಾಮಿಗೆ ಏಳೂವರೆ ಗಿಗಾಹರ್ಟ್ಸ್‌ನ ಲಿಂಕ್. ಅದರ ಒಂದು ಬೆಂಡ್, ಅಂದರೆ ಮೊಣಕೈಯಂತೆ ಬಾಗಿದ ಕೊಳವೆಯ ತುಂಡು, ಮಳೆಗಾಲದ ನೀರು ಕುಡಿದು ಒಳಗೆಲ್ಲ ಹಸಿರುಗಟ್ಟಿತ್ತು. ಬದಲಿಸಲು ಲಿಂಕ್ ನಿಲ್ಲಿಸಬೇಕು, ನಿಲ್ಲಿಸಲು ಮೇಲಿನವರ ಅನುಮತಿ ಬೇಕು. ದೇಸಾಯಿಭಾಯ್ ಕಂಡಕಂಡವರ ಕೈಕಾಲು ಹಿಡಿದು ಒಂದು ಮಧ್ಯಾಹ್ನದ ಮಟ್ಟಿಗೆ ಅನುಮತಿ ಗಿಟ್ಟಿಸಿದ್ದರು. ಅವತ್ತು ಕೆಲಸ ಆಗದಿದ್ದರೆ ಮತ್ತೆ ಯಾವಾಗಲೋ ಎಂದೂ, ತನ್ನ ಮಾತಿಗೆ ಆಫೀಸಿನಲ್ಲಿ ಆಮೇಲೆ ಕಿಮ್ಮತ್ತೇ ಇರುವುದಿಲ್ಲವೆಂದೂ ಹೇಳಿದ್ದರು. ಕೊರಿಯರ್ ನಂಬಬೇಡಿ, ನಾನೇ ಕೈಯಾರೆ ತರುತ್ತೇನೆ, ತಪ್ಪುವ ಮಾತೇ ಇಲ್ಲ ಎಂದು ನಾನು ಎದೆ ತಟ್ಟಿಕೊಂಡಿದ್ದೆ. ಎದೆ ತಟ್ಟಿಕೊಳ್ಳುವಾಗ ಮಾತ್ರ ನನಗೆ ಯಾವ ಅನುಮಾನವೂ ಬರುವುದಿಲ್ಲ.

ಆ ಬೆಳಿಗ್ಗೆ ಫ್ಯಾಕ್ಟರಿಯಿಂದಲೇ ಸ್ಟೇಷನ್ನಿಗೆ ಹೊರಡುವುದಿತ್ತು. ಹೊಸದಾಗಿ ಸೇರಿದ ಕಿಂಜಲ್ ಎಂಬ ಹುಡುಗಿ, ಈ ನಂಬರುಗಳ ಲೆಕ್ಕ ತಲೆಗೇ ಹೋಗುತ್ತಿಲ್ಲ ಸರ್ ಎಂದಳು. ಪಾಠ ಮಾಡುವ ಚಪಲ ನನಗೆ ಹುಟ್ಟುಗುಣ. ಒಂದು ತೊಂಬತ್ತರ ಬೆಂಡು, ಒಂದು ನೂರಹನ್ನೆರಡರ ಬೆಂಡು ಎರಡನ್ನೂ ಮೇಜಿನ ಮೇಲಿಟ್ಟು, ಈಗಷ್ಟೇ ನಿಮಗೆ ಹೇಳಿದ್ದನ್ನೆಲ್ಲ ಇದರ ಎರಡರಷ್ಟು ಉದ್ದಕ್ಕೆ ಹೇಳಿದೆ. ಅಷ್ಟರಲ್ಲಿ ಗೇಟಿನಲ್ಲಿ ಆಟೋ ಹಾರ್ನ್ ಮಾಡಿತು. ಎರಡರ ಬಾಯಿಗೂ ಒಂದೇ ಥರದ ಕಪ್ಪು ಮುಚ್ಚಳ, ಮೇಲೆ ಒಂದೇ ಥರದ ಟೇಪು. ನಂಬರಿನ ಚೀಟಿ ಇರುವುದು ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲೆ. ಆ ಪೆಟ್ಟಿಗೆ ನನ್ನ ಬ್ಯಾಗಿಗೆ ಹಿಡಿಸುತ್ತಿರಲಿಲ್ಲ, ಏಕೆಂದರೆ ಬ್ಯಾಗಿನಲ್ಲಿ ಸುಧಾ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯಿತ್ತು. ಚಿತ್ರಾನ್ನ ಬಿಡುವ ಮಾತೇ ಇಲ್ಲವಲ್ಲ, ಪೆಟ್ಟಿಗೆ ಬಿಟ್ಟೆ. ಬೆಂಡನ್ನು ಮೈ ಒರೆಸುವ ಬೈರಾಸಿನಲ್ಲಿ ಸುತ್ತಿ ಡಬ್ಬಿಯ ಪಕ್ಕ ತುರುಕಿ ಓಡಿದೆ.

ನಡಿಯಾದ್ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಕಿಟಕಿ ಪಕ್ಕದ ಸೀಟು, ಒಳ್ಳೆ ಗಾಳಿ. ಚಿತ್ರಾನ್ನ ಈಗಲೇ ತಿನ್ನಲೋ ವಡೋದರಾ ಬಂದ ಮೇಲೆ ತಿನ್ನಲೋ ಎಂದು ಬ್ಯಾಗು ತೆರೆದೆ. ಬೈರಾಸಿನಿಂದ ಬೆಂಡು ಇಣುಕಿತು. ಅದನ್ನು ನೋಡಿದ್ದೇ ತಡ, ನಾನು ತಂದದ್ದು ಯಾವುದು ಎಂಬ ಪ್ರಶ್ನೆ ಎದ್ದಿತು. ಎರಡೂ ಪಕ್ಕಪಕ್ಕದಲ್ಲಿದ್ದರೆ ಯಾವುದು ದೊಡ್ಡದು ಎಂದು ಅನ್ವಿಯೂ ಹೇಳುತ್ತಾಳೆ. ಒಂಟಿಯಾಗಿದ್ದಾಗ ಮಾತ್ರ ಒಂದೊಂದೂ ಇನ್ನೊಂದರ ಹಾಗೆ ಕಾಣುತ್ತದೆ. ತೊಂಬತ್ತರದ್ದೇ ಬಂದಿದ್ದರೆ ಅದರ ತೂತುಗಳು ಅಲ್ಲಿನ ಬೋಲ್ಟುಗಳಿಗೆ ಕೂಡುವುದಿಲ್ಲ. ಹೇಗೋ ಕಟ್ಟಿ ನಿಲ್ಲಿಸಿದರೂ ಏಳೂವರೆಯ ಅಲೆ ಅದರೊಳಗೆ ಏದುಸಿರು ಬಿಡುತ್ತ ಸಾಗಬೇಕು. ದೇಸಾಯಿಭಾಯ್ ಟವರಿನ ಬುಡದಲ್ಲಿ ಹಳೆಯ ಬೆಂಡು ಬಿಚ್ಚಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿರುವ ಚಿತ್ರ ಕಣ್ಣಿಗೆ ಕಟ್ಟಿತು. ನನಗೆ ನಿಜವಾಗಿಯೂ ಭಯವಾಯಿತು.

ಕಿಂಜಲ್‌ಗೆ ಫೋನ್ ಮಾಡಿದೆ. ನೀವು ನೂರಹನ್ನೆರಡರದ್ದೇ ಒಯ್ದಿರಿ ಸರ್ ಎಂದಳು. ಹೋದ ಜೀವ ಬಂದಂತಾಯಿತು. ಅಲ್ಲಿಗೇ ಫೋನ್ ಇಡುವವನು ನಾನಲ್ಲ. ಖಾತ್ರಿಯೇನಮ್ಮ ಎಂದು ಕೇಳಿದೆ. ಅವಳು, ನೀವು ಹಾಗೆ ಕೇಳಿದರೆ ಖಾತ್ರಿಯಿಲ್ಲ ಸರ್, ಉಳಿದದ್ದನ್ನು ಸ್ಟೋರಿನವರು ಆಗಲೇ ಒಯ್ದರು ಎಂದಳು. ಫೋನಿನಲ್ಲೇ ಅಳತೆ ಮಾಡುವ ಆ್ಯಪ್ ಒಂದಿದೆಯಲ್ಲ, ಅದನ್ನು ತೆರೆದು ಬೆಂಡಿಗೆ ಹಿಡಿದೆ. ರೈಲು ಕುಲುಕಿದಂತೆಲ್ಲ ಅದು ಬೇರೆ ಬೇರೆ ಉತ್ತರ ಕೊಟ್ಟಿತು. ಒಮ್ಮೆಯಂತೂ ಎದುರಿನ ಸೀಟನ್ನೂ ಸೇರಿಸಿ ಅಳೆಯಿತು.

ಆಗ ನೆನಪಾಯಿತು ನಾಣ್ಯ. ನಮ್ಮ ಕಸುಬಿನವರಲ್ಲಿ ಬಾಯಿಂದ ಬಾಯಿಗೆ ಬಂದ ಒಂದು ಉಪಾಯವಿದೆ. ಹತ್ತು ರೂಪಾಯಿಯ ನಾಣ್ಯದ ಅಗಲ ಇಪ್ಪತ್ತೇಳು ಮಿಲಿಮೀಟರು. ನೂರಹನ್ನೆರಡರ ಬಾಯಿ ಇಪ್ಪತ್ತೆಂಟೂವರೆ, ತೊಂಬತ್ತರದ್ದು ಇಪ್ಪತ್ಮೂರೂ ಇಲ್ಲ. ನಾಣ್ಯ ಒಳಗೆ ಹೋದರೆ ನೂರಹನ್ನೆರಡು, ಹೋಗದಿದ್ದರೆ ತೊಂಬತ್ತು, ಮುಗಿಯಿತು ಕಥೆ. ಆದರೆ ಈಗಿನ ಕಾಲದಲ್ಲಿ ನಾಣ್ಯ ಯಾರ ಹತ್ತಿರವಿದೆ? ಚಹಾದವನಿಗೂ ಫೋನು ತೋರಿಸಿ ಹಣ ಕೊಡುವ ನನ್ನ ಜೇಬಿನಲ್ಲಿ ಬಾಚಣಿಗೆ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಯುವಕನನ್ನು ಕೇಳಿದೆ. ಅವನು ನನ್ನ ಇಸ್ತ್ರಿ ಮಾಡಿದ ಷರ್ಟನ್ನು ಮೇಲಿಂದ ಕೆಳಗೆ ನೋಡಿ, ಬೇಕಾದರೆ ಸ್ಕ್ಯಾನ್ ಮಾಡಿ ಕಳಿಸುತ್ತೇನೆ ಅಂಕಲ್ ಎಂದ. ಬೇಡುವ ವೃತ್ತಿಯೂ ಸುಲಭದ್ದಲ್ಲ.

ಎದುರಿಗೆ ಕೂತಿದ್ದ ಬಾ ಒಬ್ಬರು, ಇಲ್ಲಿ ಅಜ್ಜಿಯರನ್ನು ಹಾಗೆ ಕರೆಯುತ್ತಾರೆ, ಇದನ್ನೆಲ್ಲ ಗಮನಿಸುತ್ತಿದ್ದರು. ವಡೋದರಾದಲ್ಲಿರುವ ಮಗಳ ಮನೆಗೆ ಹೊರಟವರು. ಕರವಸ್ತ್ರದ ಗಂಟು ಬಿಚ್ಚಿ, ಚಿಲ್ಲರೆಯ ನಡುವೆ ತಡಕಾಡಿ ಹತ್ತು ರೂಪಾಯಿಯ ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು. ಅಂಗಡಿಯವರು ಯಾರೂ ಇದನ್ನು ತೆಗೆದುಕೊಳ್ಳುವುದಿಲ್ಲ ಬೇಟಾ, ನಿನಗೆ ಏನಕ್ಕಾದರೂ ಬಂದರೆ ಇಟ್ಟುಕೋ ಎಂದರು ಗುಜರಾತಿಯಲ್ಲಿ. ನಾನು ಟೇಪು ಬಿಚ್ಚಿ, ಮುಚ್ಚಳ ತೆಗೆದು, ಮನಸ್ಸಿನಲ್ಲೇ ಮನೆದೇವರನ್ನು ನೆನೆದು ನಾಣ್ಯವನ್ನು ಕೊಳವೆಯ ಬಾಯಿಗೆ ಹಿಡಿದೆ. ಅದು ಸಲೀಸಾಗಿ ಒಳಗೆ ಜಾರಿತು. ನೂರಹನ್ನೆರಡು! ಬಾ ಅವರ ಕಾಲಿಗೆ ಬೀಳೋಣ ಎನ್ನಿಸುವಷ್ಟು ಸಂತೋಷವಾಯಿತು.

ಬೀಳಲು ಬಗ್ಗಿದಾಗ ಬೆಂಡೂ ಬಗ್ಗಿತು, ನಾಣ್ಯ ಒಳಗೊಳಗೇ ಜಾರಿ ಮೊಣಕೈಯ ತಿರುವಿನಲ್ಲಿ ಸಿಕ್ಕಿಕೊಂಡಿತು. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬರುತ್ತದೆ, ನಾಣ್ಯ ಮಾತ್ರ ಬರುವುದಿಲ್ಲ. ಸರಿಯಾದ ಬೆಂಡನ್ನು ಸರಿಯಾಗಿ ತಂದು, ಅದು ಸರಿಯಿದೆಯೇ ಎಂದು ನೋಡಲು ಹೋಗಿ ಕೆಡಿಸಿದವನು ಬಹುಶಃ ನಾನೊಬ್ಬನೇ. ಇನ್ನೊಂದು ಬಾಯಿಯ ಮುಚ್ಚಳವನ್ನೂ ತೆಗೆದು, ಆ ಕಡೆ ಈ ಕಡೆ ವಾಲಿಸಿ, ಕುಲುಕಿ, ಬೇಡಿಕೊಂಡೆ. ಬೋಗಿಯವರೆಲ್ಲ ಆಟ ನೋಡಿದರು. ಕೊನೆಗೆ ಬಾ ಅವರೇ ಕೈಗೆ ತೆಗೆದುಕೊಂಡು, ಉಪ್ಪಿನಕಾಯಿ ಜಾಡಿಯ ತಳ ತಟ್ಟುವ ಹಾಗೆ ಎರಡು ಏಟು ಹಾಕಿದರು, ನಾಣ್ಯ ಅವರ ಮಡಿಲಿಗೆ ಬಿತ್ತು. ಅದನ್ನು ಮತ್ತೆ ನನ್ನ ಕೈಗೇ ಹಾಕಿದರು. ಫೋನಿನ ಟಾರ್ಚ್ ಬಿಟ್ಟು ಒಳಗೆ ನೋಡಿದೆ, ಒಂದು ಗೀರೂ ಬಿದ್ದಿರಲಿಲ್ಲ. ವಡೋದರಾದಲ್ಲಿ ಬಾ ಇಳಿದು ಹೋದರು. ನಾನು ಚಿತ್ರಾನ್ನ ತಿಂದೆ. ಅಷ್ಟು ರುಚಿಯಾದ ಚಿತ್ರಾನ್ನವನ್ನು ಸುಧಾ ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಉಧ್ನಾದಲ್ಲಿ ಅವರ ಕಟ್ಟಡದ ಮೆಟ್ಟಿಲು ಹತ್ತುವಾಗ, ರೈಲಿನ ಕುಲುಕಾಟದಲ್ಲಿ ನಾಣ್ಯ ಸರಿಯಾಗಿ ಹೋಗಿತ್ತೋ, ಸಂತೋಷದಲ್ಲಿ ನನಗೇ ಹಾಗೆ ಕಂಡಿತ್ತೋ ಎಂದು ಮತ್ತೆ ಅನುಮಾನ ಬಂತು. ತಿರುವಿನಲ್ಲಿ ನಿಂತು ಇನ್ನೊಮ್ಮೆ ಹಾಕಿ ನೋಡಿದೆ. ಹೋಯಿತು. ಅಷ್ಟರಲ್ಲಿ ಮೇಲಿನಿಂದ ದೇಸಾಯಿಭಾಯ್ ಕೂಗಿ ಕರೆದರು, ಲಿಂಕ್ ಆಗಲೇ ನಿಲ್ಲಿಸಿಯಾಗಿದೆ, ಬೇಗ ಬನ್ನಿ ಎಂದು. ಓಡಿದೆ. ಅವರ ಕೆಲಸದವರು ಬೆಂಡನ್ನು ಕೂರಿಸಿದರು. ತೂತಿಗೆ ತೂತು ಕೂಡಿತು, ಬೋಲ್ಟು ಬಿಗಿಯಾದವು, ಲಿಂಕ್ ಎದ್ದಿತು. ಮೀಟರು ನೋಡಿದ ದೇಸಾಯಿಭಾಯ್ ಮುಖ ಅರಳಿತು, ಸಿಗ್ನಲ್ ಮೊದಲಿಗಿಂತ ಚೆನ್ನಾಗಿದೆ ಎಂದು ನನ್ನ ಕೈ ಹಿಡಿದು ಕುಲುಕಿದರು. ಸೂರತ್ತಿನ ತಿಂಡಿ ಲೋಚೋ ತರಿಸಿ ತಿನ್ನಿಸಿದರು. ವಾಪಸ್ ರೈಲು ಹತ್ತಿದಾಗ ಮೈಯೆಲ್ಲ ಹಗುರಾಗಿತ್ತು.

ಭರೂಚಿನ ಹತ್ತಿರ ಸೇತುವೆಯ ಮೇಲೆ ರೈಲು ಸದ್ದು ಮಾಡುತ್ತ ಹೋಗುವಾಗ, ನನ್ನ ಮಾನ ಉಳಿಸಿದ ನಾಣ್ಯವನ್ನು ಒಮ್ಮೆ ನೋಡೋಣವೆಂದು ಷರ್ಟಿನ ಜೇಬಿಗೆ ಕೈ ಹಾಕಿದೆ. ಬಾಚಣಿಗೆ ಸಿಕ್ಕಿತು, ನಾಣ್ಯ ಸಿಗಲಿಲ್ಲ. ಬ್ಯಾಗಿನಲ್ಲಿ ಇಲ್ಲ, ಡಬ್ಬಿಯಲ್ಲಿ ಇಲ್ಲ, ಬೈರಾಸು ಕೊಡವಿದರೂ ಇಲ್ಲ. ಮೆಟ್ಟಿಲ ಮೇಲೆ ಹಾಕಿದ್ದು ನೆನಪಿದೆ. ತೆಗೆದದ್ದು ನೆನಪಿಲ್ಲ. ನನ್ನೊಳಗಿನ ಇಂಜಿನಿಯರು ಸಮಾಧಾನ ಹೇಳಿದ: ಅಯ್ಯಾ, ಒಳಗೆ ನಾಣ್ಯವಿದ್ದರೆ ಅಲೆ ಅದಕ್ಕೆ ತಾಗಿ ಹಿಂದಕ್ಕೆ ಬರುತ್ತಿತ್ತು, ಸಿಗ್ನಲ್ ಅಷ್ಟು ಚೆನ್ನಾಗಿ ಇರುತ್ತಿರಲಿಲ್ಲ. ಬೀಗ ಜಗ್ಗುವವನು ಉತ್ತರ ಕೊಟ್ಟ: ಈಗ ಯಾವುದೋ ಮೂಲೆಯಲ್ಲಿ ಸುಮ್ಮನೆ ಮಲಗಿರಬಹುದು, ನಾಳೆ ಗಾಳಿಗೆ ಟವರು ಅಲುಗಿದಾಗ ಎದ್ದು ಅಡ್ಡ ನಿಂತರೆ? ಇಂಜಿನಿಯರು ಸೋತ. ದೇಸಾಯಿಭಾಯ್‌ಗೆ ಫೋನ್ ಮಾಡಿ, ಸಿಗ್ನಲ್ ಹೇಗಿದೆ ಎಂದು ವಿಚಾರಿಸಿದೆ. ಫಸ್ಟ್‌ಕ್ಲಾಸ್ ಎಂದರು. ಹಾಗಿದ್ದರೆ ಒಳಗೆ ನಾಣ್ಯವಿರಲಾರದು ಬಿಡಿ ಎಂದೆ. ಅವರು ಮೆಲ್ಲಗೆ, "ಯಾವ ನಾಣ್ಯ?" ಎಂದು ಕೇಳಿದರು.

ಎಲ್ಲ ವಿವರಿಸಿದೆ. ವಿವರಿಸಿದಷ್ಟೂ ನನ್ನ ಎದೆಯ ಭಾರ ಇಳಿಯುತ್ತ ಹೋಯಿತು, ಅವರ ದನಿ ಕುಗ್ಗುತ್ತ ಹೋಯಿತು. ಅವತ್ತು ಮನೆಗೆ ಬಂದವನು ಬೀಗವನ್ನೂ ಜಗ್ಗದೆ ನಿದ್ದೆ ಮಾಡಿದೆನೆಂದು ಸುಧಾ ಇವತ್ತಿಗೂ ಹೇಳುತ್ತಾಳೆ.

ಮರುದಿನ ಬೆಳಿಗ್ಗೆ ಬಟ್ಟೆಗಳನ್ನು ಮೆಷಿನ್ನಿಗೆ ಹಾಕುತ್ತಿದ್ದ ಅವಳು, "ರೀ, ಈ ಕಾಯಿನ್ ಎಲ್ಲಿಂದ ತಂದ್ರಿ? ಇಲ್ಲಿ ಯಾರೂ ತಗೊಳಲ್ಲ ಇದನ್ನ" ಎಂದಳು. ನಾನು ಜನ್ಮದಲ್ಲಿ ಏನೂ ಇಟ್ಟುಕೊಳ್ಳದ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತಂತೆ. ನಾನು ಆ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ನಮಸ್ಕಾರ ಮಾಡಿದೆ. ಅನ್ವಿ ನಕ್ಕಳು. ಕೂಡಲೇ ದೇಸಾಯಿಭಾಯ್‌ಗೆ ಫೋನ್ ಮಾಡಿದರೆ, ಪಾಪ, ಆ ಮನುಷ್ಯ ರಾತ್ರಿಯಿಡೀ ಹೊರಳಾಡಿ, ಬೆಳಗಾಗುತ್ತಲೇ ಸ್ಪ್ಯಾನರ್ ಹಿಡಿದು ಟೆರೇಸಿನ ಮೆಟ್ಟಿಲು ಹತ್ತುತ್ತಿದ್ದರಂತೆ. ಅನುಮತಿ ಇಲ್ಲದೆಯೇ ಬಿಚ್ಚಿ ನೋಡಿಬಿಡೋಣವೆಂದು. ನಾಣ್ಯ ಸಿಕ್ಕಿತು, ಕೆಳಗಿಳಿಯಿರಿ ಎಂದೆ. ಅವರು ಬಿಟ್ಟ ಉಸಿರು ಉಧ್ನಾದಿಂದ ವಸ್ತ್ರಾಪುರಕ್ಕೆ ಕೇಳಿಸಿತು. ಇಬ್ಬರೂ ನಕ್ಕೆವು. ಇನ್ನೇನು ಫೋನ್ ಇಡಬೇಕು, ಅಷ್ಟರಲ್ಲಿ ಅವರು ತಡೆದರು.

"ಸಾಹೇಬರೇ, ಆ ಬಾ ನಿಮಗೆ ಕೊಟ್ಟದ್ದು ಒಂದೇ ನಾಣ್ಯ ತಾನೇ? ಖಾತ್ರಿ?"

"ಒಂದೇ" ಎಂದೆ ಗಟ್ಟಿಯಾಗಿ. ಫೋನ್ ಇಟ್ಟ ಮೇಲೆ, ಸುಧಾ ನೋಡದ ಹಾಗೆ, ಪ್ಯಾಂಟಿನ ಇನ್ನೊಂದು ಜೇಬಿಗೂ ಕೈ ಹಾಕಿ ನೋಡಿದೆ.