ಮಾನೇಸರ್‌ನಲ್ಲಿ ಲಂಗರು ಹಾಕಿದ ಮಾವ

ನಮ್ಮ ಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಉತ್ತರ ಭಾರತದ ಒಳನಾಡಿನಲ್ಲಿರುವ, ಸಮುದ್ರದ ಗಾಳಿಯೂ ಸುಳಿಯದ ಮಾನೇಸರ್‌ನಲ್ಲಿ ದೋಣಿಯೊಳಗೆ ಸಂಸಾರ ಹೂಡಿದವರಿಗೆ ಏನನ್ನಬೇಕೋ ನೀವೇ ಹೇಳಿ!

ಮಾವ ನೌಕಾಪಡೆಯಿಂದ ನಿವೃತ್ತರು. ಅವರು ಹಾಯಿ ಬಿಚ್ಚಲು ಕಲಿತ ಹಳೇ ತರಬೇತಿ ದೋಣಿ ಹರಾಜಿಗೆ ಬಂತು. ಜನ ಹರಾಜಿನಲ್ಲಿ ಬೀರು, ಕುರ್ಚಿ ಕೊಳ್ಳುತ್ತಾರೆ. ಇವರು ದೋಣಿಯನ್ನೇ ಕೊಂಡರು! ಟ್ರೇಲರ್ ಮೇಲೆ ತಂದು, ಗೆಳೆಯರ ಕಾರ್ಖಾನೆಯ ಹಿಂದಿನ ಖಾಲಿ ಜಾಗದಲ್ಲಿ ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದರು. ರಿಪೇರಿಗೆ ಬಂದ ವೆಲ್ಡರ್ ಸುತ್ತಮುತ್ತ ನೋಡಿ, “ಸಾಬ್, ಪಾನಿ ಕಹಾಂ ಹೈ?” ಎಂದನಂತೆ. ಮಾವ ತಣ್ಣಗೆ ಕುಡಿಯುವ ನೀರಿನ ಬಾಟಲಿ ಚಾಚಿದರಂತೆ!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಅತ್ತೆಯ ಕಣ್ಣು ಹೆಚ್ಚುಕಡಿಮೆ ಹೋಗಿಯೇಬಿಟ್ಟಿದೆ, ಡಾಕ್ಟರೂ ಕೈಚೆಲ್ಲಿದ್ದಾರೆ. ಅಂಥವರನ್ನು ಲಕ್ಷ್ಮೀ ನಗರದ ಮನೆಯಿಂದ ಎಬ್ಬಿಸಿಕೊಂಡು ಹೋಗಿ ದೋಣಿಯಲ್ಲಿಡುವುದೇ? ಬಿದ್ದು ಸೊಂಟ ಮುರಿದುಕೊಂಡರೆ? ಫೋನ್ ಮಾಡಿದಾಗಲೆಲ್ಲ ಮಾವನದು ಒಂದೇ ಉತ್ತರ: “ಆಮೇಲೆ ಮಾತಾಡ್ತೀನಿ, ಹಗ್ಗಕ್ಕೆ ಗಂಟು ಹಾಕ್ತಾ ಇದ್ದೀನಿ.” ಎರಡು ತಿಂಗಳು! ಅತ್ತೆಯನ್ನು ನಮ್ಮ ಮನೆಗೆ ಕರೆತಂದೇ ತೀರುವುದೆಂದು, ಅವರ ಬಟ್ಟೆ ತುಂಬಲು ಖಾಲಿ ಚೀಲ ಹಿಡಿದು ಭಾನುವಾರ ಹೊರಟೆ.

ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ಮೇಲಿನಿಂದ ಗರ್ಜನೆ.

“ಏಯ್! ದೋಣಿ ಹತ್ತೋಕೆ ಅಪ್ಪಣೆ ಕೇಳ್ಬೇಕು!”

“ಮಾವ, ನಾನು!”

“ಹಾಲಿನ ಭಯ್ಯಾನೇ ಕೇಳ್ತಾನೆ. ನೀನೇನು ಮಹಾ?”

ಕೇಳಿದೆ. ಕೊಟ್ಟರು. ಸಲ್ಯೂಟ್ ಸರಿಯಾಗಲಿಲ್ಲವೆಂದು ಇನ್ನೊಮ್ಮೆ ಹೊಡೆಸಿದರು!

ಒಳಗಿಳಿದ ಕೂಡಲೇ ತಲೆ ಢಣ್ಣೆಂದು ತೊಲೆಗೆ ಬಡಿಯಿತು. ಸಾವರಿಸಿಕೊಂಡು ತಿರುಗಿದರೆ ಮೊಣಕಾಲಿಗೆ ಏಟು. “ಅಯ್ಯೋ, ತಲೆ ಬಗ್ಗಿಸೋ ಮಾರಾಯ!” ಎನ್ನುತ್ತಾ ಅತ್ತೆ ಸರಸರನೆ ಬಂದರು. ಎಡಗೈ ಗೋಡೆಯುದ್ದಕ್ಕೂ ಕಟ್ಟಿದ ಹಗ್ಗದ ಮೇಲೆ, ಬಲಗೈಯಲ್ಲಿ ತುಂಬಿದ ಕಾಫಿ ಲೋಟ. ಒಂದು ಹನಿ ಚೆಲ್ಲಿರಲಿಲ್ಲ! ಕಣ್ಣಿರುವ ನನ್ನ ಹಣೆಯಲ್ಲಿ ಆಗಲೇ ಬುಗುಟು ಎದ್ದಿತ್ತು.

“ಅತ್ತೆ, ನಡೀರಿ ನಮ್ಮನೆಗೆ. ಇದೇನು ಗ್ರಹಚಾರ ನಿಮಗೆ?”

“ಲಕ್ಷ್ಮೀ ನಗರದ ಮನೇಲಿ ದಿನಾ ಒಂದೊಂದು ಸಾಮಾನು ಒಂದೊಂದು ಕಡೆ ಇರ್ತಿತ್ತು ಕಣೋ. ಎಡವಿ ಎಡವಿ ಸಾಕಾಗಿ, ನಾನು ಹಾಸಿಗೆ ಬಿಟ್ಟು ಏಳೋದನ್ನೇ ನಿಲ್ಲಿಸಿದ್ದೆ. ದೋಣೀಲಿ ಹಾಗಲ್ಲ. ಅಲೆಗೆ ಉರುಳಬಾರದು ಅಂತ ಎಲ್ಲಾ ಬಿಗಿದಿಟ್ಟಿರ್ತಾರೆ. ಇಟ್ಟಿದ್ದು ಇಟ್ಟಲ್ಲೇ. ಹೋದಲ್ಲೆಲ್ಲ ಹಿಡಿಯೋಕೆ ಹಗ್ಗ.”

ನನ್ನ ಕೈ ಹಿಡಿದು ಹಗ್ಗದ ಮೇಲಿಟ್ಟರು. “ಒಂದು ಗಂಟು ಸಿಕ್ತಾ? ಅಲ್ಲಿ ಒಲೆ. ಎರಡು ಗಂಟು ಇದ್ರೆ ಬಚ್ಚಲು. ಮೂರು ಇದ್ರೆ ಹಾಸಿಗೆ.”

ಈ ಮನುಷ್ಯನಿಗೆ ಹುಚ್ಚು ಎಂದು ಎರಡು ತಿಂಗಳು ನೆಂಟರಿಗೆಲ್ಲ ಡಂಗುರ ಸಾರಿದ್ದೆನಲ್ಲ! ನಾಚಿಕೆಯಾಗಿ ಖಾಲಿ ಚೀಲವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ, ಅತ್ತೆಗೆ ಅದು ಕಾಣುವುದಿಲ್ಲ ಎನ್ನುವುದನ್ನೂ ಮರೆತು.

ಹಗ್ಗದ ಕೊನೆಯಲ್ಲಿ, ಕಿಟಕಿ ಪಕ್ಕದ ಬೆಂಚಿನ ಹತ್ತಿರ, ಒತ್ತೊತ್ತಾಗಿ ನಾಲ್ಕು ಗಂಟುಗಳು ಕೈಗೆ ಸಿಕ್ಕವು.

“ಇಲ್ಲೇನಿದೆ ಅತ್ತೆ?”

“ಅಲ್ಲಿಯಾ?” ಅತ್ತೆ ನಕ್ಕರು. “ಅದು ನಿಮ್ಮ ಮಾವ ಕೂರೋ ಜಾಗ.”

ಹೊಸ ಹಗ್ಗ. ಉಳಿದ ಗಂಟುಗಳೆಲ್ಲ ಇನ್ನೂ ಬೆಳ್ಳಗಿದ್ದವು. ಆ ನಾಲ್ಕು ಮಾತ್ರ ಕೈಯಾಡಿಸಿ ಆಡಿಸಿ ಕಪ್ಪಾಗಿದ್ದವು.